ತಾಳಣ್ಣನ ಇಪ್ಪತ್ತು ಸೆಕೆಂಡು

ಪಾಂಡವಪುರ
೨೬ ಫೆಬ್ರವರಿ ೧೯೯೫, ಭಾನುವಾರ

ಪ್ರಿಯ ಜಫರ್,

ಸಲಾಮು, ನಮಸ್ಕಾರ. ಎರಡನ್ನೂ ಕಳಿಸಿದ್ದೇನೆ, ಒಂದು ದಾರಿಯಲ್ಲಿ ಕಳೆದುಹೋದರೂ ಇನ್ನೊಂದು ಮುಟ್ಟಲಿ.

ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಆತ್ಮಸಾಕ್ಷಿಯನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿಕೊಂಡು ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ನಾಗಮಂಗಲ ತಾಲ್ಲೂಕು ಹೊಣಕೆರೆ ಹೋಬಳಿಯ ಚಲುವರಾಜು ಎಂಬ ನಾನು, ಕಳೆದ ಮೂರು ಹಂಗಾಮುಗಳಿಂದ, ಪ್ರತಿ ಶುಕ್ರವಾರ ನೀನು ನಮಾಜಿಗೆ ಹೋಗಿ ನಾನು ನಿನ್ನ ಬದಲಿಗೆ ಕೂತಾಗಲೆಲ್ಲ, ನಿನ್ನ ಊಟದ ಕ್ಯಾರಿಯರಿನ ಮೇಲಂತಸ್ತಿನಿಂದ ಒಂದು ಬೇಯಿಸಿದ ಮೊಟ್ಟೆಯನ್ನು ಅಪಹರಿಸುತ್ತಿದ್ದೆ. ನಿಮ್ಮಮ್ಮ ಅಕ್ಬರಿ ಬೇಗಂ ಎರಡು ಇಡುತ್ತಿದ್ದರು, ನಿನಗೆ ಸಿಗುತ್ತಿದ್ದುದು ಒಂದು. "ಅಮ್ಮೀಗೆ ವಯಸ್ಸಾಯ್ತು ಕಣ್ಲಾ, ಎರಡು ಇಟ್ಟೀನಿ ಅಂತಾಳೆ, ಇಟ್ಟಿರಾದು ಒಂದೇಯ" ಎಂದು ನೀನು ನೊಂದುಕೊಂಡಾಗ ನಾನು ಬಾಯಿ ಒರೆಸಿಕೊಂಡು "ಅಯ್ಯೋ ಪಾಪ" ಎಂದಿದ್ದೇನೆ. ಒಮ್ಮೆಯಲ್ಲ, ಮೂರು ಹಂಗಾಮು.

ಇದು ಸಣ್ಣ ಅಪರಾಧ. ದೊಡ್ಡದಕ್ಕೆ ಬರುವ ಮೊದಲು ಕೈ ಪಳಗಲಿ ಎಂದು ಬರೆದೆ.

ಪಾಂಡವಪುರದಿಂದ ನಿಮ್ಮ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ನೀನು ಸಸ್ಪೆಂಡ್ ಆಗಿ ಹನ್ನೆರಡು ದಿನವಾಯಿತು. ಇಷ್ಟು ದಿನದಲ್ಲಿ ಭೂಮಿ ಸೂರ್ಯನ ಸುತ್ತ ಮೂರು ಕೋಟಿ ಕಿಲೋಮೀಟರು ಹೋಗಿದೆ, ನಾನು ಹನ್ನೆರಡು ಕಿಲೋಮೀಟರು ಬರಲಾಗಲಿಲ್ಲ. ಒಂದು ದಿನ ಬಸ್ಸು ಹತ್ತಿದ್ದೆ. ರೈಲ್ವೆ ಸ್ಟೇಷನ್ ಹತ್ತಿರ ಇಳಿದುಬಿಟ್ಟೆ. ಕಂಡಕ್ಟರ್ ಕೂಗಿದ, "ಟಿಕೇಟು ಪಟ್ಣದ್ದು ತಗಂಡು ಇಲ್ಲಿಳಿತೀಯಲ್ಲಯ್ಯ!" ಉಳಿದ ದಾರಿಗೆ ಅವನು ಯಾರನ್ನಾದರೂ ಪುಕ್ಕಟೆ ಕೂರಿಸಿಕೊಳ್ಳಲಿ ಎಂದು ಹೇಳಿ ನಗಿಸಿ ನಡೆದೆ. ನಗಿಸುವುದು ನನಗೆ ಗೊತ್ತಲ್ಲ. ಅದೊಂದು ಗೊತ್ತಿಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಬರೆಯಲು ಧೈರ್ಯ ಬರುವ ತನಕ.

ನಮ್ಮ ಸಕ್ಕರೆ ಕಾರ್ಖಾನೆಯ ಗಾಳಿ ಕೊಳವೆ ನೆನಪಿಸಿಕೋ. ಮಾಲೀಕರು ಬೊಂಬಾಯಿಯಲ್ಲಿ ಮುಚ್ಚಿಹೋದ ಯಾವುದೋ ಬಟ್ಟೆ ಗಿರಣಿಯ ಹರಾಜಿನಲ್ಲಿ ಹಿಡಿದು ತಂದದ್ದು. ನನ್ನ ಮೇಜಿನ ಪಕ್ಕ ಒಂದು ಹಿತ್ತಾಳೆ ಬಾಯಿ. ಅಲ್ಲಿಂದ ಹೊರಟ ಕೊಳವೆ ಗಿರಣಿ ಮನೆಯ ಗೋಡೆ ತೂರಿ, ಕಬ್ಬಿನ ಗಾಡಿಗಳು ನಿಲ್ಲುವ ಅಂಗಳದ ಮೇಲೆ ಹಾದು, ನೂರೈವತ್ತು ಮೀಟರು ಆಚೆ ನಿನ್ನ ಸ್ವಿಚ್ಚುಗಳ ಕೋಣೆಯಲ್ಲಿ ಇಳಿಯುತ್ತಿತ್ತು. ಚೀಟಿ ಬರೆದು ಡಬ್ಬಿಯೊಳಗಿಟ್ಟು ಬಾಯಿಗೆ ಕೊಟ್ಟರೆ ಗಾಳಿ ಅದನ್ನು ತಳ್ಳಿಕೊಂಡು ಹೋಗುತ್ತಿತ್ತು. ನನ್ನ ಕಡೆ ಫೋನೂ ಇತ್ತು, ಕಿವಿಗಿಟ್ಟರೆ ಗಿರಣಿಯ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಹಾಗಾಗಿ ಇಡೀ ಮಂಡ್ಯ ಜಿಲ್ಲೆಯಲ್ಲಿ ಗಾಳಿಮಾತನ್ನು ನಂಬಿ ಕೆಲಸ ಮಾಡುವ ಏಕೈಕ ಕಾರ್ಖಾನೆ ನಮ್ಮದು ಎಂದು ಮೊದಲ ದಿನವೇ ನಾನು ಚೀಟಿ ಬರೆದು ಕಳಿಸಿದ್ದೆ. ನೀನು ವಾಪಸು ಬರೆದೆ: "ಯಾವನ್ಲಾ ನೀನು? ಕೆಲ್ಸ ನೋಡು." ಎರಡು ನಿಮಿಷ ಬಿಟ್ಟು ಇನ್ನೊಂದು ಡಬ್ಬಿ ಬಂತು: "ಚೆನ್ನಾಗೈತೆ. ಇನ್ನೊಂದು ಕಳ್ಸು." ನಮ್ಮ ಸ್ನೇಹ ಅಲ್ಲಿಂದ. ನನ್ನ ಬಿ.ಎಸ್ಸಿ. ಎಂದರೆ 'ಬೆಲ್ಲ, ಸಕ್ಕರೆ, ಚೀಟಿ' ಎಂದು ಬಿಡಿಸಿ ಹೇಳಿದವನೂ ನೀನೇ.

ಆ ಹಿತ್ತಾಳೆ ಬಾಯಲ್ಲಿ ಕೂತಿದ್ದವನು ತಾಳಣ್ಣ. ಎರಡು ಉಕ್ಕಿನ ಬೆರಳು, ಜೊತೆಗೆ ಬ್ಯಾಂಕಿನ ಬಾಗಿಲ ನೆತ್ತಿಯ ಮೇಲಿರುವಂಥ ಎಣ್ಣೆ ತುಂಬಿದ ಸಣ್ಣ ಸಿಲಿಂಡರು. ಮುಂದಿನ ಬೆರಳು ತಗ್ಗಿ ಒಂದು ಡಬ್ಬಿಯನ್ನು ಬಿಟ್ಟರೆ, ಹಿಂದಿನ ಬೆರಳು ಎದ್ದು ಎರಡನೆಯದನ್ನು ಹಿಡಿದುಕೊಳ್ಳುತ್ತಿತ್ತು. ಎಣ್ಣೆ ನಿಧಾನವಾಗಿ ಇಳಿದು ಮುಗಿಯಲು ಇಪ್ಪತ್ತು ಸೆಕೆಂಡು. ಅಷ್ಟು ಹೊತ್ತಿಗೆ ಮೊದಲಿನ ಡಬ್ಬಿ ನಿನ್ನ ಪೆಟ್ಟಿಗೆಗೆ ಬಿದ್ದಿರುತ್ತಿತ್ತು. ಆಮೇಲೇ ಎರಡನೆಯದಕ್ಕೆ ಅಪ್ಪಣೆ. ಎಷ್ಟೇ ಅವಸರವಿದ್ದರೂ, ಮಾಲೀಕರೇ ಬಂದು ನಿಂತರೂ, ತಾಳು ಎಂದರೆ ತಾಳು. ಅದಕ್ಕೇ ಆ ಹೆಸರು.

ನಾನು ಅವನನ್ನು ದ್ವೇಷಿಸುತ್ತಿದ್ದೆ. ಕಾರಣ ಕೇಳಿದರೆ ನಿನಗೆ ನಾಚಿಕೆಯಾಗುತ್ತದೆ, ನನಗೆ ಆಗಿ ಮುಗಿದಿದೆ. ನನ್ನ ಹಾಸ್ಯವೆಲ್ಲ ಪ್ರಶ್ನೋತ್ತರದ್ದು. ಮೊದಲ ಡಬ್ಬಿಯಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಉತ್ತರ. ನೀನು ಪ್ರಶ್ನೆ ಓದಿ ತಲೆ ಎತ್ತುವುದರೊಳಗೆ ಉತ್ತರ ಬಂದು ತೊಡೆಯ ಮೇಲೆ ಬೀಳಬೇಕು. ಇಪ್ಪತ್ತು ಸೆಕೆಂಡು ಕಾದರೆ ನಗೆಹನಿ ಆರಿ ಉಪ್ಪಾಗುತ್ತದೆ. ನಡುವೆ ತಾಳಣ್ಣ ಬೆರಳೆತ್ತಿ ನಿಂತು ನನ್ನ ಪ್ರತಿಭೆಯನ್ನು ಎಣ್ಣೆಯಲ್ಲಿ ಅದ್ದುತ್ತಿದ್ದ.

ಹೋದ ದೀಪಾವಳಿ ಹೊತ್ತಿಗೆ ನಾನೊಂದು ಉಪಾಯ ಕಂಡುಹಿಡಿದೆ. ಹಿಂದಿನ ಬೆರಳಿನ ಬುಡದಲ್ಲಿ ಒಂದು ಸಂದಿ ಇದೆ. ಅಲ್ಲಿಗೆ ಕಬ್ಬಿನ ಸಿಪ್ಪೆಯ ಒಂದು ಸೀಳು ತುರುಕಿದರೆ ಬೆರಳು ಏಳುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಗೇನು ಬರ? ಡಬ್ಬಿಯ ಹಿಂದೆ ಡಬ್ಬಿ. ಪ್ರಶ್ನೆಯ ಹಿಂದೆಯೇ ಉತ್ತರ. ನಗಿಸಿ ಮುಗಿದ ಮೇಲೆ ಸಿಪ್ಪೆ ಕಿತ್ತು ಬಿಸಾಡುತ್ತಿದ್ದೆ. ಒಂದೊಂದು ದಿನ ಮರೆಯುತ್ತಿದ್ದೆ.

ನೀನು ನನ್ನನ್ನು ಎಚ್ಚರಿಸಿದ್ದೆ. ಜನವರಿ ಕೊನೆಯಲ್ಲಿ ನಿನ್ನ ಚೀಟಿ ಬಂತು. ಅದರ ಒಂದೊಂದು ಅಕ್ಷರವೂ ನನಗೆ ಬಾಯಿಪಾಠ: "ತಾಳಣ್ಣನ ಕೈ ಕಟ್ಟಬ್ಯಾಡ ಕಣ್ಲಾ. ಎಲ್ಡು ಡಬ್ಬಿ ಅಂಟ್ಕಂಡು ಬಂದವೆ, ಗಂಟೆ ಒಂದೇ ಬಡೀತು. ಒಂದ ತಗಂಡೆ. ಇನ್ನೊಂದು ಊಟ ಆದ್ಮ್ಯಾಲೆ ಕೈಗೆ ಸಿಕ್ತು." ನಿನ್ನ ಪೆಟ್ಟಿಗೆಯ ಬಾಯಲ್ಲೊಂದು ತಗಡಿನ ರೆಕ್ಕೆ. ಡಬ್ಬಿ ಅದನ್ನು ತಳ್ಳಿ ಬಿದ್ದಾಗ ಗಂಟೆ. ರೆಕ್ಕೆ ಮುಚ್ಚಿಕೊಂಡರೆ ಮಾತ್ರ ಮುಂದಿನದಕ್ಕೆ ಇನ್ನೊಂದು ಗಂಟೆ. ಎರಡು ಒಟ್ಟಿಗೆ ನುಗ್ಗಿದರೆ ರೆಕ್ಕೆ ಮುಚ್ಚುವುದೇ ಇಲ್ಲ. ನಿನಗೆ ಕಲಿಸಿದ್ದ ರೀತಿಯಾದರೂ ಏನು? ಕಣ್ಣು ಮೀಟರಿನ ಮೇಲೆ, ಕೈ ಪೆಟ್ಟಿಗೆಯೊಳಗೆ, ಒಂದು ಗಂಟೆಗೆ ಒಂದು ಡಬ್ಬಿ.

ನಾನು ಉತ್ತರ ಬರೆದೆ: "ಒಂದು ಗಂಟೆಗೆ ಎರಡು ಕೊಟ್ಟರೂ ಬೇಡ ಅನ್ನುವ ಏಕೈಕ ಗಿರಾಕಿ ನೀನು." ನೀನು ನಕ್ಕಿರುತ್ತೀಯ. ನಗಬಾರದಿತ್ತು ಜಫರ್. ಬಂದು ಕಪಾಳಕ್ಕೆ ಬಾರಿಸಬೇಕಿತ್ತು.

ಹದಿನಾಲ್ಕನೇ ತಾರೀಕು, ಮಂಗಳವಾರ. ರಂಜಾನಿನ ಉಪವಾಸದಲ್ಲಿ ನೀನು ಬೆಳಗಿನಿಂದ ಚೀಟಿಗಳಿಗೆ ಒಂದೇ ಪದದಲ್ಲಿ ಉತ್ತರ ಕೊಡುತ್ತಿದ್ದೆ. ಇವನ ಹಸಿವು ಮರೆಸೋಣ ಎಂದುಕೊಂಡೆ. ನೋಡು, ಈ ಪತ್ರದಲ್ಲಿ ನನ್ನ ಪರವಾಗಿ ಹೇಳಬಹುದಾದದ್ದು ಇದೊಂದೇ ಮಾತು. ಸಿಪ್ಪೆ ತುರುಕಿದೆ. ಮೊದಲ ಡಬ್ಬಿ: "ಈ ತಿಂಗಳು ನಿನ್ನ ಜೊತೆ ಉಪವಾಸ ಇರುವ ಇನ್ನೊಬ್ಬರು ಯಾರು?" ಎರಡನೆಯದು: "ನಮ್ಮ ಕ್ಯಾಂಟೀನಿನ ಸಾಂಬಾರು. ಅದಕ್ಕೂ ಬೇಳೆ ಕಣ್ಣಿಗೆ ಬಿದ್ದಿಲ್ಲ." ನೀನು "ಹಹ್ಹ" ಎಂದು ಬರೆದು ಕಳಿಸಿದೆ. ಹಸಿದವನ ಕೈಬರಹದಲ್ಲಿ ಎರಡೇ ಅಕ್ಷರ. ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ. ಸಿಪ್ಪೆ ತೆಗೆಯುವುದು ಮರೆತೆ.

ಹತ್ತೂವರೆಗೆ ಕಬ್ಬು ಸಾಗಿಸುವ ಸರಪಳಿ ಕಟ್ಟಿಕೊಂಡಿತು. ಅದನ್ನು ಬಿಡಿಸಲು ನಮ್ಮ ಕೂಲಿಯಾಳು ದ್ಯಾವಯ್ಯ ಹಾರೆ ಹಿಡಿದುಕೊಂಡು ಸರಪಳಿಯ ಗುಂಡಿಗೆ ಇಳಿಯಬೇಕು. "ನಿಲ್ಲಿಸು" ಎಂದು ಚೀಟಿ ಕಳಿಸಿದೆ, ನೀನು ನಿಲ್ಲಿಸಿದೆ. ದ್ಯಾವಯ್ಯ ಇಳಿದ, ಸಿಕ್ಕಿಕೊಂಡಿದ್ದ ಕಬ್ಬಿನ ಕಂತೆ ಮೀಟಿ ಎಸೆದ, ಮೇಲೆ ಹತ್ತಿ ಬಂದ. ಮುಖದ ತುಂಬ ಬೆವರು, ಅದಕ್ಕಂಟಿದ ಹೊಟ್ಟು. "ಬುಡಪ್ಪ, ಆಯ್ತು" ಎಂದು ಕೈ ಎತ್ತಿದ. ನಾನು "ನಡೆಸು" ಎಂದು ಬರೆದು ಡಬ್ಬಿಗೆ ಹಾಕಿ ಕೊಳವೆಗೆ ಬಿಟ್ಟೆ. ಬಿಟ್ಟ ಕೈ ಇನ್ನೂ ಕೆಳಗಿಳಿದಿರಲಿಲ್ಲ, ದ್ಯಾವಯ್ಯ ತಿರುಗಿ ನೋಡಿದ. "ಅಯ್ ನನ್ನ ಮಕ್ಕೆ ಮಣ್ಣಾಕ, ಆರೆ ಒಳ್ಗೇ ಬುಟ್ಬುಟ್ನಲ್ಲಪ್ಪೋ! ರೋಲರಿಗೆ ಓದ್ರೆ ಎಲ್ಲಾ ಪುಡಿ ಪುಡಿ. ತಂದ್ಬುಡ್ತೀನಿ ತಾಳು" ಎಂದು ಮತ್ತೆ ಇಳಿದುಬಿಟ್ಟ.

ನಾನು ಗಾಬರಿಯಾಗಲಿಲ್ಲ. ಗಾಬರಿಯಾಗುವ ಕಾರಣ ಇರಲಿಲ್ಲ. "ನಡೆಸು" ಚೀಟಿ ಸಿಕ್ಕ ಮೇಲೆ ನೀನು ಅರವತ್ತು ಎಣಿಸಿ ಆಮೇಲೇ ಸ್ವಿಚ್ಚು ಒತ್ತುವುದು ಕಟ್ಟಳೆ. ಅಷ್ಟರೊಳಗೆ ಎರಡನೇ ಗಂಟೆ ಬಡಿದರೆ ನೀನು ಒತ್ತುವುದಿಲ್ಲ. "ತಾಳು, ದ್ಯಾವಯ್ಯ ಒಳಗಿದ್ದಾನೆ" ಎಂದು ಬರೆದೆ. ಐದಾರು ಸೆಕೆಂಡಾಗಿರಬಹುದು. ಕೈಗೆ ಸಿಕ್ಕಿದ್ದು ಹೊಸ ಡಬ್ಬಿ. ಸುತ್ತಿನ ಫೆಲ್ಟು ಬಟ್ಟೆ ಇನ್ನೂ ಸವೆಯದ್ದು, ಗಾಳಿ ಸೋರಗೊಡದೆ ಓಡುವಂಥದು. ಮೊದಲು ಕಳಿಸಿದ್ದು ಫೆಲ್ಟು ಸವೆದ ಹಳೇ ಡಬ್ಬಿ, ಎತ್ತಿನ ಗಾಡಿ. ಬಾಯಿಗೆ ಕೊಟ್ಟೆ. ತಡೆಯಬೇಕಾದವನ ಬುಡದಲ್ಲಿ ನನ್ನ ಸಿಪ್ಪೆ ಇತ್ತು. ಡಬ್ಬಿ ಸರ್ರನೆ ಒಳಗೆ ಹೋಯಿತು. ಅಬ್ಬ, ಎಷ್ಟು ಬೇಗ ಹೋಯಿತು ಎಂದು ಆ ಕ್ಷಣದಲ್ಲಿ ನನಗೆ ಸಂತೋಷವೇ ಆಯಿತು.

ನಿನ್ನ ಕೋಣೆಯ ಹತ್ತಿರದ ತಿರುವಿನಲ್ಲಿ ಹೊಸದು ಹಳೆಯದನ್ನು ಹಿಡಿಯಿತು. ಎರಡೂ ಅಂಟಿಕೊಂಡು ಬಂದು ಬಿದ್ದವು. ಗಂಟೆ ಒಂದೇ ಬಡಿಯಿತು. ನೀನು ಕೈ ಹಾಕಿ ಒಂದು ತೆಗೆದುಕೊಂಡೆ. "ನಡೆಸು." ನೀನು ಅರವತ್ತೂ ಎಣಿಸಿರುತ್ತೀಯ. ಐವತ್ತೊಂಬತ್ತಕ್ಕೆ ನಿಲ್ಲಿಸುವ ಜಾತಿಯವನಲ್ಲ ನೀನು.

ದ್ಯಾವಯ್ಯನ ಕೂಗು ನನಗೆ ಕೇಳಲಿಲ್ಲ. ಸರಪಳಿ ಹೊರಟ ಸದ್ದು ಕೇಳಿತು. ಅಷ್ಟು ಬರೆದರೆ ಸಾಕು.

ಇನ್ನು ನಿನಗೆ ಗೊತ್ತಿಲ್ಲದ್ದು.

ಗುಂಡಿಯ ಅಂಚಿನಲ್ಲಿದ್ದ ಅಪಾಯದ ಕೆಂಪು ಹಗ್ಗ ಎಳೆದು ಸರಪಳಿ ನಿಲ್ಲಿಸಿದವರು ಯಾರೋ ಬೇರೆ. ಎಲ್ಲರೂ ಗುಂಡಿಯ ಕಡೆ ಓಡುತ್ತಿದ್ದರು. ನಾನೂ ಓಡಿದೆ, ಆದರೆ ಮೊದಲು ಅತ್ತ ಅಲ್ಲ. ಮೊದಲು ಹಿತ್ತಾಳೆ ಬಾಯಿಯ ಹತ್ತಿರ ಹೋಗಿ, ಬೆರಳ ಬುಡಕ್ಕೆ ಉಗುರು ಹಾಕಿ ಸಿಪ್ಪೆ ಕಿತ್ತೆ. ಅದು ಒಣಗಿ ಬಿಗಿದಿತ್ತು, ಉಗುರು ಸೀಳಿತು. ಆ ಹೊತ್ತಿಗೆ ಯೂನಿಯನ್ನಿನ ಕೆಂಪಣ್ಣ ಬಾಗಿಲಲ್ಲಿ ಬಂದು ನಿಂತು "ಏನ್ ಮಾಡ್ತಾ ನಿಂತಿದ್ದೀಯಲಾ ಇಲ್ಲಿ, ಬಾರ್ಲಾ!" ಎಂದ. ನನ್ನ ಕೈಯಲ್ಲಿ ಸಿಪ್ಪೆ. ಬಿಸಾಡಲು ಜಾಗವಿಲ್ಲ, ಜೇಬಿಗೆ ಹಾಕಲು ಹೊತ್ತಿಲ್ಲ. ಬಾಯಿಗೆ ಹಾಕಿಕೊಂಡೆ. ಸಕ್ಕರೆ ಕಾರ್ಖಾನೆಯಲ್ಲಿ ಒಬ್ಬ ಕಬ್ಬು ಜಗಿದರೆ ಯಾರು ಕೇಳುತ್ತಾರೆ? ಜಗಿಯುತ್ತಲೇ ಗುಂಡಿಯ ಅಂಚಿಗೆ ಬಂದು ಇಣುಕಿದೆ. ಸಿಪ್ಪೆಗೆ ಅಂಟಿದ್ದ ತಿರುಳಿನಲ್ಲಿ ಇನ್ನೂ ಸ್ವಲ್ಪ ಸಿಹಿ ಇತ್ತು ಜಫರ್. ಹನ್ನೆರಡು ದಿನದಿಂದ ನಾನು ಕಾಫಿಗೆ ಸಕ್ಕರೆ ಹಾಕಿಕೊಂಡಿಲ್ಲ.

ಒಂದು ಗಂಟೆ ಹೊತ್ತಾದ ಮೇಲೆ ನಿನ್ನ ಪೆಟ್ಟಿಗೆ ತೆರೆಸಿದರು. ಎರಡನೇ ಡಬ್ಬಿ ಅಲ್ಲೇ ಇತ್ತು. ಚೀಟಿಯೂ ಒಳಗಿತ್ತು, ನನ್ನ ಅಕ್ಷರ, ದುಂಡಗೆ, ಬಿ.ಎಸ್ಸಿ. ಅಕ್ಷರ. ತಾಳಣ್ಣನನ್ನು ಪರೀಕ್ಷಿಸಿದರು. ಬೆರಳು ಏಳುತ್ತದೆ, ಎಣ್ಣೆ ಇಳಿಯುತ್ತದೆ, ಇಪ್ಪತ್ತು ಸೆಕೆಂಡು ಸರಿಯಾಗಿದೆ. ಅಂದಮೇಲೆ ಎರಡು ಗಂಟೆ ಬಡಿದಿರಲೇಬೇಕು, ನೀನು ಕೇಳಿಸಿಕೊಳ್ಳಲಿಲ್ಲ. ಏಕೆ? ಗಾಳಿಮಾತಿಗೆ ಕೊಳವೆ ಬೇಕಾಗಲಿಲ್ಲ. ಸಂಜೆಯೊಳಗೆ ಕ್ಯಾಂಟೀನಿನಲ್ಲಿ, ಕಬ್ಬಿನ ಗಾಡಿಗಳ ಸಾಲಿನಲ್ಲಿ ಒಂದೇ ಸುದ್ದಿ: ಉಪವಾಸ ಇದ್ದ, ನಿದ್ದೆ ಹೋಗಿದ್ದ.

ಮೂರನೇ ದಿನ ದ್ಯಾವಯ್ಯನ ಸಮಾಧಿಗೆ ಹಾಲು ತುಪ್ಪ ಬಿಡುವುದಕ್ಕೆ ಹೇಮಗಿರಿಯ ಆಚೆ ಅವನ ಊರಿಗೆ ನಾವು ಎಂಟು ಜನ ಹೋಗಿದ್ದೆವು. ದ್ಯಾವಯ್ಯನ ಹೆಂಡತಿ ಪುಟ್ಟತಾಯಮ್ಮ ಜಗುಲಿಯ ಮೇಲೆ ಕಂಬ ಒರಗಿ ಕೂತಿದ್ದಳು. ಅತ್ತೂ ಅತ್ತೂ ದನಿ ಹೋಗಿತ್ತು. ನನ್ನನ್ನು ಹತ್ತಿರ ಕರೆದಳು. "ಅಪ್ಪಾ, ನೀನಂತಲ್ಲ ಚೀಟಿ ಕಳ್ಸಿದ್ದು? ಒಳಗವ್ನೆ, ತಾಳು ಅಂತ ಬರ್ದಿದ್ಯಂತೆ. ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ. ನೀನು ಕೂಗ್ದೆ ಕಣಪ್ಪ. ಅವ್ನು ಯಾವನೋ ಸಾಬರ ಹೈದ ಮಲಗ್ಬುಟ್ನಂತೆ" ಎಂದು ನನ್ನ ಕೈ ಹಿಡಿದುಕೊಂಡಳು. ಬಿಡಲಿಲ್ಲ. ಎಂಟು ಜನ ನೋಡುತ್ತಿದ್ದರು. ನಾನು ಮುಖ ಆಚೆ ತಿರುಗಿಸಿಕೊಂಡೆ. ಜನ ಅದನ್ನು ದುಃಖ ಎಂದುಕೊಂಡರು.

ಸೋಮವಾರ ನೀನು ಕೊಟ್ಟ ಹೇಳಿಕೆಯನ್ನು ಕೆಂಪಣ್ಣ ನನಗೆ ಹೇಳಿದ. "ಒಂದೇ ಸಲ ಗಂಟೆ ಬಡೀತು ಸಾರ್." ಎಷ್ಟು ತಿರುಗಿಸಿ ಕೇಳಿದರೂ ಅಷ್ಟೇ. ತಾಳಣ್ಣನ ಕೈ ಕಟ್ಟುವ ನನ್ನ ಚಾಳಿ ನಿನಗೆ ಗೊತ್ತಿತ್ತು. ಆ ಒಂದು ಮಾತು ಹೇಳಿದ್ದರೆ ನೀನು ಬಚಾವು. ಹೇಳಲಿಲ್ಲ. "ಯಾಕ್ಲಾ ಒಂದೇ ಬಡೀತು ಅಂತ ಕೇಳಿದ್ರೆ ಬಾಯೇ ಬುಡ್ನಿಲ್ಲ ಸಾಬಿ. ಕೆಲ್ಸ ಓಯ್ತದೆ, ಮ್ಯಾಲೆ ಪೋಲೀಸ್ ಕೇಸು, ಜೈಲಾಗ್ಬೋದು ಅಂತಂದ್ರೂ ಸುಮ್ಕೆ ಕೂತಿದ್ದ ಕಣ್ಲಾ" ಎಂದು ಕೆಂಪಣ್ಣ ತಲೆ ಚಚ್ಚಿಕೊಂಡ. ನಾನು ಬೆಳ್ಳೂರು ಕ್ರಾಸಿನ ಹೋಟೆಲಿನ ದೋಸೆಯ ಬಗ್ಗೆ ಏನೋ ಹೇಳಿ ಮಾತು ತಿರುಗಿಸಿದೆ. ನಾನಾಗಿ ಬಂದು ಹೇಳುತ್ತೇನೆ ಎಂದು ನೀನು ಕಾಯುತ್ತಿದ್ದೆ, ಅಲ್ಲವೆ?

ಹೇಳಿದೆ ಜಫರ್. ಈ ಪತ್ರ ಬರೆಯುತ್ತಿರುವುದೇ ಅದನ್ನು ತಿಳಿಸಲು.

ಗುರುವಾರ ನನ್ನ ಸರದಿ. ವಿಚಾರಣಾಧಿಕಾರಿ ಚಿಕ್ಕಸ್ವಾಮಿಯವರು, ಪಕ್ಕದಲ್ಲಿ ಟೈಪಿಸ್ಟು, ಗೋಡೆ ಕಡೆ ಕೆಂಪಣ್ಣ, ಇನ್ನಿಬ್ಬರು ಸೂಪರ್‌ವೈಸರುಗಳು. ನಾನು ಕುರ್ಚಿಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ: "ಸಾರ್, ಜಫರ್ ನಿದ್ದೆ ಮಾಡಿಲ್ಲ. ಗಂಟೆ ಒಂದೇ ಬಡಿದದ್ದು ನಿಜ. ತಡೆಯ ಬೆರಳಿಗೆ ಸಿಪ್ಪೆ ತುರುಕಿದವನು ನಾನು. ಏನಕ್ಕೆ ಅಂದರೆ, ಜೋಕು ಬೇಗ ಹೋಗಲಿ ಅಂತ." ಟೈಪಿಸ್ಟನ ಬೆರಳು ನಿಂತುಹೋಯಿತು. ಚಿಕ್ಕಸ್ವಾಮಿಯವರು ಕನ್ನಡಕ ತೆಗೆದು "ಸಿಪ್ಪೆ ಎಲ್ಲಿ? ಸಾಕ್ಷಿ ಏನೈತೆ ಅದಕ್ಕೆ?" ಎಂದರು. "ತಿಂದುಬಿಟ್ಟೆ ಸಾರ್" ಎಂದೆ. ಅವರ ಪೆನ್ನು ಕೆಳಗೆ ಬಿತ್ತು. ಕೆಂಪಣ್ಣ ಎದ್ದು ಬಂದು ನನ್ನ ಕೊರಳಪಟ್ಟಿ ಹಿಡಿದುಕೊಂಡ, ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿಲ್ಲ. "ಎಂಟೆದೆ ಬೇಕು ಕಣ್ಲಾ ಇಂಗೇಳಾಕೆ" ಎಂದ. ನನಗೆ ಮೈ ಹಗುರಾಯಿತು. ಹುಟ್ಟಿದ ಮೇಲೆ ಮೊದಲ ಸಲ ನಾಲ್ಕು ಜನರ ಮುಂದೆ ನಗಿಸದೆ ಮಾತಾಡಿದ್ದೆ. ನನ್ನ ಮೇಲೆ ಕೇಸಾಗಲಿ, ಕೆಲಸ ಹೋಗಲಿ, ಹೊಣಕೆರೆಗೆ ಹೋಗಿ ರಾಗಿ ಬಿತ್ತುತ್ತೇನೆ. ಬಿ.ಎಸ್ಸಿ. ಅಂದರೆ 'ಬಿತ್ತನೆ, ಸಾಲು, ಚೀಲ' ಎಂದು ಈಗಿನಿಂದಲೇ ಓದಿಕೋ.

ಹಾಗಾಗಿ ಇನ್ನು ನೀನು ತಲೆ ಎತ್ತಿಕೊಂಡು ಓಡಾಡು. ನಿಮ್ಮ ಗಂಜಾಮಿನ ಅಂಗಡಿ ಬೀದಿಯಲ್ಲಿ ಯಾರಾದರೂ ಏನಾದರೂ ಅಂದರೆ, ಪಾಂಡವಪುರದಲ್ಲಿ ಚಲುವ ಅಂತ ಒಬ್ಬನಿದ್ದಾನೆ, ಎಲ್ಲಾ ಒಪ್ಪಿಕೊಂಡಿದ್ದಾನೆ, ಹೋಗಿ ಕೇಳಿ ಎನ್ನು. ನಿಮ್ಮಮ್ಮ ಹಬ್ಬದ ಅಡಿಗೆಗೆ ಸಾಮಾನು ತರಿಸಲಿ. ಬರುವ ಬುಧವಾರ ಆದೇಶ ಹೊರಡುತ್ತದಂತೆ. ಶುಕ್ರವಾರ ನಿನ್ನ ಹಬ್ಬ. ಎರಡೂ ಒಂದೇ ವಾರದಲ್ಲಿ ಬರುತ್ತಿರುವುದು ಒಳ್ಳೆಯದೇ ಆಯಿತು.

ಇಷ್ಟು ಹೇಳಿ ಮುಗಿಸುತ್ತೇನೆ. ನಿನ್ನ ಮುಖ ನೋಡುವ ಯೋಗ್ಯತೆ ಈಗ ಸ್ವಲ್ಪ ಬಂದಿದೆ ಎಂದು ತಿಳಿದಿದ್ದೇನೆ. ಬಾ ಎಂದು ಒಂದು ಸಾಲು ಬರೆದರೆ ಬರುತ್ತೇನೆ, ಈ ಸಲ ಪೂರ್ತಿ ಟಿಕೇಟಿನ ಪ್ರಯಾಣ ಮಾಡುತ್ತೇನೆ.

ನಿನ್ನ ಎಂದೆಂದಿನ
ಟಿ. ಚಲುವರಾಜು, ಬಿ.ಎಸ್ಸಿ.
ಟೋಕನ್ ನಂಬರು ೪೧೨, ಗಿರಣಿ ಮನೆ

ಮರೆತ ಮಾತು: ಲಕೋಟೆಗೆ ಗೋಂದು ಹಚ್ಚಿ ಮುಚ್ಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಮಂಗಳವಾರ ಕೆಂಪಣ್ಣ ನಿನ್ನ ಮನೆಗೆ ಬರುತ್ತಾನಂತೆ. ಈಗ ತಾನೇ ಬಸ್ ಸ್ಟಾಂಡಿನಲ್ಲಿ ಸಿಕ್ಕಿ ಹೇಳಿದ. ಅವನ ಬಾಯಿಂದ ಕೇಳುವುದಕ್ಕಿಂತ ನನ್ನ ಕೈಯಿಂದಲೇ ಓದಿಕೋ.

ಗುರುವಾರದ ಬಗ್ಗೆ ಮೇಲೆ ಬರೆದದ್ದು ನಾನು ಬುಧವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದು. ಕೆಂಪಣ್ಣನ ಮಾತೂ ನಾನೇ ಕಟ್ಟಿ ಬರೆದದ್ದು. ನಡೆದದ್ದು ಬೇರೆ. ನಾನು ಕುರ್ಚಿಯ ಮೇಲೆ ಕೂತೆ. ನನ್ನ ಕಡೆಯ ತಡೆ ಸರಿಯಾಗಿತ್ತೇ ಎಂದು ಚಿಕ್ಕಸ್ವಾಮಿಯವರು ಕೇಳಿದರು. "ಸರಿಯಾಗೇ ಇತ್ತು ಸಾರ್" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಹೇಡಿ. ಆಮೇಲೆ ಅವರು, ಜಫರ್ ಡ್ಯೂಟಿ ಮೇಲೆ ನಿದ್ದೆ ಮಾಡುವುದುಂಟೇ ಎಂದು ಕೇಳಿದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕೋಣೆಯಲ್ಲಿ ಆ ಬಿಗುವು ನನ್ನಿಂದ ತಡೆಯಲಾಗಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು. "ಸಾರ್, ನಮ್ಮ ಜಫರ್ ಕಣ್ಣು ಬಿಟ್ಕಂಡೇ ನಿದ್ದೆ ಮಾಡೋನು. ಮುಚ್ಚಿದ್ರೇನೇ ಎಚ್ಚರವಾಗವ್ನೆ ಅಂತ ಅರ್ಥ" ಎಂದೆ.

ಎಲ್ಲರೂ ನಕ್ಕರು. ಹದಿನಾಲ್ಕನೇ ತಾರೀಕಿನಿಂದ ಆ ಕಾರ್ಖಾನೆಯಲ್ಲಿ ಯಾರೂ ಅಷ್ಟು ಜೋರಾಗಿ ನಕ್ಕಿರಲಿಲ್ಲ. ಟೈಪಿಸ್ಟು ಕಣ್ಣೊರೆಸಿಕೊಂಡ. ಕೆಂಪಣ್ಣ ಒಬ್ಬ ನಗಲಿಲ್ಲ. ಚಿಕ್ಕಸ್ವಾಮಿಯವರು ನಗುತ್ತಲೇ ಟೈಪಿಸ್ಟಿಗೆ ಹೇಳಿ ಬರೆಸಿದರು: "ಸದರಿ ಜಫರ್ ಕರ್ತವ್ಯದ ವೇಳೆಯಲ್ಲಿ ನಿದ್ರಿಸುವ ಅಭ್ಯಾಸವುಳ್ಳವರೆಂದು ಸಾಕ್ಷಿಯು ತಿಳಿಸಿರುತ್ತಾರೆ." ಹಾಗಲ್ಲ ಸಾರ್, ತಮಾಷೆಗೆ ಅಂದದ್ದು ಎಂದು ಹೇಳಲು ನನಗೆ ಹೊತ್ತಿತ್ತು. ಅವರು ಹಾಳೆ ಯಂತ್ರದಿಂದ ಬಿಡಿಸಿ, ಕಾರ್ಬನ್ನು ತೆಗೆದು, ಮೇಜಿನ ಈ ಕಡೆಗೆ ತಳ್ಳುವಷ್ಟು ಹೊತ್ತು.

ಈ ಪತ್ರವನ್ನು ಮಂಗಳವಾರ ಕೆಂಪಣ್ಣನ ಕೈಗೆ ಕೊಡು, ಬುಧವಾರದೊಳಗೆ ಚಿಕ್ಕಸ್ವಾಮಿಯವರ ಮೇಜಿನ ಮೇಲೆ ಇಡಲಿ. ಹೆಸರು, ಟೋಕನ್ ನಂಬರು ಬರೆದಿದ್ದೇನೆ. ಅವರ ಕೋಣೆ ನನ್ನ ಮೇಜಿನಿಂದ ನಲವತ್ತು ಹೆಜ್ಜೆ, ನೀನೇ ಹೋಗಿ ಇಡಬಹುದಲ್ಲ ಎಂದು ನೀನು ಕೇಳಿದರೆ, ಇಡಬಹುದು. ಮೊನ್ನೆ ಶುಕ್ರವಾರ ಹದಿನೈದು ಹೆಜ್ಜೆ ಹೋಗಿದ್ದೆ.

ಆ ಹೇಳಿಕೆಯ ಕೆಳಗೆ ನಾನು ಓದದೆ ಸಹಿ ಹಾಕಿದೆ.

ಇಲ್ಲ ಜಫರ್. ಓದಿದೆ. ಎರಡು ಸಲ ಓದಿದೆ. ಓದಿಯೇ ಹಾಕಿದೆ.